ಗೋಳಗುಮ್ಮಟ ಎಲ್ಲಾರದ್ದು, ಆ ಫೈಲ್ ಮಾತ್ರ ಒಬ್ಬರದಿತ್ತು

ನಾನು ವಿಜಯಪುರದಾಂವ. ಮಾಡೆಲ್ ಮಾಡೂ ಹುಚ್ಚು ಸಣ್ಣಾಂವ ಇದ್ದಾಗಿಂದ ಐತಿ, ಮೊದಲ ಲಗ್ನಪತ್ರಿಕೆ ರಟ್ಟು ಮತ್ತ ಫೆವಿಕಾಲ್, ಆಮ್ಯಾಲೆ ಸನ್‌ಬೋರ್ಡ್, ಈಗ ಮನ್ಯಾಗ ಒಂದು ಸಣ್ಣ ತ್ರೀಡಿ ಪ್ರಿಂಟರ್ ಇಟಗೊಂಡೇನಿ. ಕಾಪಿರೈಟ್ ಅಂದ್ರ ಸಿನಿಮಾದವರದು ಹಾಡಿನವರದು, ನಮಗೇನು ಸಂಬಂಧ ಅನಕೊಂಡಿದ್ದೆ.

ಒಮ್ಮೆ ನೆಟ್‌ನ್ಯಾಗ ಗೋಳಗುಮ್ಮಟದ ಫೈಲ್, ಅಂದ್ರ ಪ್ರಿಂಟರ್‌ಗೆ ಕೊಡಾಕ ಕಂಪ್ಯೂಟರ್‌ನ್ಯಾಗ ಬರದ ವಿನ್ಯಾಸ, ಸಿಕ್ತು, ಫ್ರೀ ಡೌನ್‌ಲೋಡ್, ಪ್ರಿಂಟ್ ತಗದು ಕಲ್ಲಿನ ಬಣ್ಣ ಹೊಡದು ಶೋಕೇಸ್‌ನ್ಯಾಗ ಇಟ್ಟೆ, ಅದನ್ನ ನೋಡಿ ಪರಿಚಯದ ಅಂಗಡಿಯವ್ರು 20 ಮಾಡಿ ಕೊಡ್ರಿ ಅಂದ್ರು. ಮಾಡಿ ಕೊಟ್ಟೆ, 12 ಮಾರಾಟನೂ ಆದವು. ಫೋಟೋ ಹಾಕಿದ ಮ್ಯಾಲೆ ಆ ಫೈಲ್ ಮಾಡಿದವರ ಮೆಸೇಜ್ ಬಂತು. ಭಾಳ ಸಮಾಧಾನದಿಂದ ಬರದಿದ್ರು, ಇದರ ಲೈಸೆನ್ಸ್ ನಾನ್ ಕಮರ್ಷಿಯಲ್ ಐತ್ರಿ, ಮನಿಗೆ ಮಾಡಕೋರಿ, ಮಾರಬ್ಯಾಡ್ರಿ ಅಂತ. ನಂಗ ಸಿಟ್ಟು ಬಂತು. 1656ರಾಗ ಮುಗದ ಕಟ್ಟಡ, ನಮ್ಮೂರಿಂದು, ಅದು ನಿಮ್ಮದು ಹೆಂಗ ಆಗತೈತಿ ಅಂತ ಕೇಳಿದೆ.

ಅದಕ್ಕ ಅವರು, ಕಟ್ಟಡ ನಂದಲ್ರಿ, ನಿಮ್ಮ ಮಾಡೆಲ್‌ನ್ಯಾಗ ಮಿನಾರಿನ ಅಂತಸ್ತು ಎಣಿಸ್ರಿ ಅಂದ್ರು. ಎಣಿಸಿದೆ, ಆರು. ಖರೇ ಮಿನಾರಿಗೆ ಏಳು ಅಂತಸ್ತು ಅದಾವ. ಸಣ್ಣ ಸೈಜಿನ್ಯಾಗ ಏಳು ಹಾಕಿದ್ರ ಕಿಟಕಿ ಮುಚ್ಚಿ ಹೋಗತಾವ ಅಂತ ಅವರು ಬೇಕಂತನ ಆರು ಇಟ್ಟಿದ್ರು, ಗುಮ್ಮಟದ ಬುಡದಾಗಿನ ಕಮಲದ ಎಸಳನ್ನೂ ಪ್ರಿಂಟ್ ಆಗಲಿ ಅಂತ ದಪ್ಪ ಮಾಡಿ ಒಂದೊಂದ ಬರದಿದ್ರು. ಅಂದ್ರ ನಾನು ಮಾರಿದ್ದು ಗೋಳಗುಮ್ಮಟ ಅಲ್ಲ, ಅವರು ಕೂತು ವಿಚಾರ ಮಾಡಿ ತಗೊಂಡ ನಿರ್ಧಾರಗಳು. ನಂಗ ಭಾಳ ಕೆಟ್ಟನಿಸ್ತು. ಉಳದ ಎಂಟು ವಾಪಸ್ ತಂದೆ, ಬಂದ ಲಾಭ ಕಳಸ್ತೇನಿ ಅಂದೆ, ಅವರು ತಗೊಳ್ಳಿಲ್ಲ, ನನ್ನ ಹೆಸರು ಹಾಕಿದ್ರ ಸಾಕು ಅಂದ್ರು.

ಆಮ್ಯಾಲೆ 1957ರ ಕಾಪಿರೈಟ್ ಕಾಯ್ದೆ ಕೂತು ಓದಿದೆ. ನಮ್ಮಂಥವರಿಗೆ ಮುಖ್ಯ ಆಗೂದು ಏನಂದ್ರ, ಕಾಗದದ ಮ್ಯಾಲಿನ ಕಲಾಕೃತಿ ನೋಡಿ ಮೂರು ಆಯಾಮದ ವಸ್ತು ಮಾಡಿದ್ರೂ ಅದು ಕಾಪಿನ, ತಿರಗಾಮುರಗಾನೂ ಹಂಗ. ಹಕ್ಕು ಮಾಡಿದವರು ಇರೂತನಕ ಮತ್ತ ಅವರು ತೀರಿದ ಮ್ಯಾಲೆ 60 ವರ್ಷ ಇರತೈತಿ. ಸ್ವಂತಕ್ಕ, ಕಲಿಯಾಕ ನ್ಯಾಯವಾಗಿ ಬಳಸಾಕ ಅವಕಾಶ ಐತಿ, ಮಾರಾಕ ಹೋದ್ರ ಮಾತ ಬ್ಯಾರೆ. ಗೋಳಗುಮ್ಮಟ, ಪಟ್ಟದಕಲ್ಲಿನ ಗುಡಿ, ಬೆಳಗಾವಿ ಕೋಟಿಯೊಳಗಿನ ಕಮಲ ಬಸದಿ, ಇವುಗಳ ರೂಪದ ಮ್ಯಾಲೆ ಯಾರದೂ ಕಾಪಿರೈಟ್ ಇಲ್ಲ. ನಾವ ಅಳತಿ ತಗೊಂಡು ನಾವ ಬರದ್ರ ಆ ಫೈಲ್ ನಮ್ಮದು.

ಹೊಸಾ ಕಟ್ಟಡದ್ದ ತೊಡಕು. ಬೆಳಗಾವಿಯವರೊಬ್ರು ಸುವರ್ಣ ವಿಧಾನಸೌಧದ ಮಾಡೆಲ್ 50 ಬೇಕು, ಕಾರ್ಯಕ್ರಮದಾಗ ಮಾರೂದೈತಿ ಅಂದ್ರು. ಅದು 2012ರಾಗ ಉದ್ಘಾಟನೆ ಆದದ್ದು. ಕಟ್ಟಡದ ಚಿತ್ರ ಬರಿಯೂದು, ಫೋಟೋ ತಗಿಯೂದು ತಪ್ಪಲ್ಲ ಅಂತ ಕಾಯ್ದೆಯ 52ನೇ ಸೆಕ್ಷನ್‌ನ್ಯಾಗ ಸ್ಪಷ್ಟ ಐತಿ, ಆದ್ರ ಆ ಸಾಲಿನ್ಯಾಗ ಮಾಡೆಲ್ ಅನ್ನೂ ಶಬ್ದ ಇಲ್ಲ, ಮೂರು ಸಲ ಓದಿದೆ. ಅನುಮತಿ ಪತ್ರ ತಗೊಂಡು ಬರ್ರಿ, ಮಾಡ್ತೇನಿ ಅಂದೆ. ಅವರು ತಿರುಗಿ ಬರಲಿಲ್ಲ, ಆರ್ಡರ್ ಹೋತು, ಅದಕ್ಕ ನಂಗ ಬೇಜಾರಿಲ್ಲ.

ಬಸ್ ಮಾಡೆಲ್ ಮಾಡೂ ಹುಡುಗೂರು ನಮ್ಮ ಕಡೆ ಭಾಳ ಅದಾರ, ಅವರಿಗೊಂದು ಮಾತು. ಕಂಪನಿ ಹೆಸರು, ಲೋಗೋ ಟ್ರೇಡ್‌ಮಾರ್ಕ್‌ಗೆ ಬರತಾವ, ಅದು ಬ್ಯಾರೆ ಕಾಯ್ದೆ, 1999ರದ್ದು. ಡ್ರೈವರ್ ಆಗಿ ರಿಟೈರ್ ಆದ ನಮ್ಮ ಕಾಕಾಗ ಅವರ ಬಸ್ಸನ್ನ ಬಣ್ಣ, ಬೋರ್ಡ್, ಲೋಗೋ ಸಮೇತ ಮಾಡಿ ಕೊಟ್ಟೆ, ಕಾಕಾ ಅದನ್ನ ಹಿಡಕೊಂಡ ಕೂತಬಿಟ್ರು. ಮಾರೂದಕ್ಕ ಮಾಡಿದ್ರ ಮಾತ್ರ ನಾನು ಲೋಗೋ ಹಾಕೂದಿಲ್ಲ.

ಕಡೀಕ ಗೋಳಗುಮ್ಮಟ ನಾನ ಬರದೆ. ಕೈಗೆ ಸಿಗೂದನ್ನ ಟೇಪ್ ಹಿಡದು ಅಳದೆ, ಮ್ಯಾಲಿಂದಕ್ಕ ಗ್ವಾಡಿ ಹಂತ್ಯಾಕ ತಮ್ಮನ್ನ ನಿಲ್ಲಿಸಿ ಫೋಟೋ ತಗದು ಅವನ ಎತ್ತರದ ಲೆಕ್ಕ ಹಾಕಿದೆ. ಟ್ರೈಪಾಡ್ ಇಡಾಕ ಪರ್ಮಿಷನ್ ಬೇಕು, ಅದಕ್ಕ ಎಲ್ಲಾ ಕೈಯಾಗ ಹಿಡದ ತಗದದ್ದು. 1:200 ಸ್ಕೇಲ್, ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್ ಐತಿ, ಮಾಡೆಲ್‌ನ್ಯಾಗ 22 ಸೆಂಟಿಮೀಟರ್ ಬರತೈತಿ. ನಾಕು ತಿಂಗಳು ಹಿಡೀತು. ಮಿನಾರಿಗೆ ಏಳು ಅಂತಸ್ತು ಇಟ್ಟೇನಿ, ಕಿಟಕಿ ಮುಚ್ಚಬಾರದು ಅಂತ ಮಿನಾರು ಅಷ್ಟ ಬ್ಯಾರೆ ಪ್ರಿಂಟ್ ತಗದು ಅಂಟಿಸಿದೆ. ಹಳೇ ಆರು ಅಂತಸ್ತಿಂದೂ ಬಾಜೂಕ ಐತಿ, ಕೆಳಗ ಅವರ ಹೆಸರು ಬರದ ಚೀಟಿ ಹಚ್ಚೇನಿ.