ಇಟ್ಟಿಗೆ ಪಿಜ್ಜಾ ಒಲೆ: ಮೊದಲ ಬೆಂಕಿಗೆ ಆತುರ ಬೇಡ

ಹಿತ್ತಲಲ್ಲಿ ಸೌದೆಯ ಪಿಜ್ಜಾ ಒಲೆ ಕಟ್ಟಬೇಕು ಅಂತಿದ್ದೀರಾ? ದಯವಿಟ್ಟು ಇದೊಂದು ಓದಿ.

ಬೆಂಕಿ ತಗಲುವ ಕಡೆ ಮಾಮೂಲಿ ಸಿಮೆಂಟ್ ಗಾರೆ ಹಾಕಬೇಡಿ. 300 ಡಿಗ್ರಿ ದಾಟಿದರೆ ಅದರ ಗಟ್ಟಿತನ ಹೋಗುತ್ತದೆ. ಪಿಜ್ಜಾಗೆ 400ರ ಹತ್ತಿರ ಬೇಕು, ಅಲ್ವಾ? ಬೆಂಕಿ ತಾಳುವ ಇಟ್ಟಿಗೆ, ಅದಕ್ಕೆ ತಕ್ಕ ಗಾರೆಯನ್ನೇ ತನ್ನಿ. ಬಾಗಿಲಿನ ಎತ್ತರ ಗುಮ್ಮಟದ ಒಳ ಎತ್ತರದ ಶೇ. 63ರಷ್ಟಿರಲಿ. ಒಳಗೆ 50 ಸೆಂ.ಮೀ. ಇದ್ದರೆ ಬಾಗಿಲು 31-32. ಹಾಸಿನ ಇಟ್ಟಿಗೆಯ ಕೆಳಗೂ ಶಾಖ ತಡೆಯುವ ಪದರ ಬೇಕೇ ಬೇಕು. ಆಮೇಲೆ ಸೇರಿಸೋಕೆ ಆಗುವುದಿಲ್ಲ.

ಇನ್ನು ಒಣಗಿಸುವ ವಿಷಯ. ನಾನು ಕಟ್ಟಿ ಮೂರೇ ದಿನಕ್ಕೆ ದೊಡ್ಡ ಬೆಂಕಿ ಹಾಕಿದ್ದೆ. ಟಪ್ ಅಂತ ಸದ್ದಾಯಿತು. ಗುಮ್ಮಟದ ನೆತ್ತಿಯಿಂದ ಬಾಗಿಲ ಕಮಾನಿನವರೆಗೆ ಬಿರುಕು! ಗಾರೆಯೊಳಗಿನ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ ಒತ್ತಿದ್ದು ಅದು. ಒಂದು ವಾರವಾದರೂ ನೆರಳಲ್ಲಿ ಸುಮ್ನೆ ಬಿಡಿ. ಆಮೇಲೆ ಸಣ್ಣ ಪುರಳೆಗಳಿಂದ 100-150 ಡಿಗ್ರಿಯ ಬೆಂಕಿ, ಕೆಲವು ಗಂಟೆ. ದಿನಕ್ಕೆ 50 ಡಿಗ್ರಿಯಂತೆ ಏರಿಸಿ. ಹೊರಮೈ ಬೆವರಿದಂತೆ ಒದ್ದೆಯಾದರೆ ನೀರು ಇನ್ನೂ ಇದೆ ಎಂದರ್ಥ, ಅವತ್ತು ಏರಿಸಬೇಡಿ. ಕೂದಲೆಳೆಯಂಥ ಬಿರುಕು ಬಂದರೆ ಗಾಬರಿ ಬೇಡ, ಅದು ಸಹಜ.

ಅಡುಗೆಯ ದಿನ ಗುಮ್ಮಟದ ಒಳಗೆ ನೋಡುತ್ತಿರಿ. ಮೊದಲು ಮಸಿ ಹಿಡಿದು ಕಪ್ಪಾಗುತ್ತದೆ. ಮಸಿ ಸುಟ್ಟುಹೋಗಿ ಇಟ್ಟಿಗೆಯ ಬಣ್ಣ ಮತ್ತೆ ಕಂಡಾಗ ಒಲೆ ಸರಿಯಾಗಿ ಕಾದಿದೆ. ಕೆಂಡ ಪಕ್ಕಕ್ಕೆ ತಳ್ಳಿ, ಬೂದಿ ಗುಡಿಸಿ, ಪಿಜ್ಜಾ ಇಡಿ.