ಗಾಳಿ ಕಟ್ಟಿದ ಹಿಮ ಜಾರಿದ್ದನ್ನು ಕಣ್ಣಾರೆ ಕಂಡೆ

ಹಿಮ ಸುರಿಯುವಾಗ ಮಾತ್ರ ಅಪಾಯ, ಆಕಾಶ ತಿಳಿಯಾದರೆ ಹೊರಡಬಹುದು ಎಂದೇ ನಾನು ಎಣಿಸಿದ್ದೆ. ಶಿರಸಿಯಲ್ಲಿ ಹುಟ್ಟಿ ಬೆಳೆದವನಿಗೆ ಮಳೆಯ ಲೆಕ್ಕ ಗೊತ್ತು, ಹಿಮದ್ದು ಎಲ್ಲಿಂದ ಗೊತ್ತಾಗಬೇಕು?

ಮಾರ್ಚ್ ಮೊದಲ ವಾರ. ಮನಾಲಿಯ ಮೇಲೆ, ಸೋಲಂಗ್ ದಾಟಿ ಧುಂಡಿಯ ಹತ್ತಿರ ಟೆಂಟ್ ಹಾಕಿದ್ದೆವು. ಎರಡು ದಿನ ಹಿಮ ಸುರಿದು, ಮೂರನೆಯ ಬೆಳಿಗ್ಗೆ ನೀಲಿ ಆಕಾಶ. ಆದರೆ ಶಿಖರದ ಏಣಿನ ಮೇಲೆ ಹೊಗೆ ಎದ್ದ ಹಾಗೆ ಹಿಮದ ಪುಡಿ ಪೂರ್ವಕ್ಕೆ ಹಾರುತ್ತಿತ್ತು. ಅಲ್ಲಿನವನೇ ಆದ ಮಾರ್ಗದರ್ಶಿ ಅದನ್ನು ತೋರಿಸಿ, ಇವತ್ತು ಆ ಕಡೆ ಕಾಲಿಡುವುದಿಲ್ಲ ಎಂದುಬಿಟ್ಟ.

ನನಗೆ ನೆನಪಾದದ್ದು ನಮ್ಮ ಸೊಪ್ಪಿನ ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ. ಬೇಸಿಗೆಯ ಗಾಳಿ ಬೋಳು ಜಾಗದ ದರಕನ್ನೆಲ್ಲ ಬಾಚಿ ಧರೆಯ (ಕಡಿದಾದ ಮಣ್ಣಿನ ಗೋಡೆಯ) ಮರೆಗೆ ರಾಶಿ ಹಾಕುತ್ತದಲ್ಲ, ಹಾಗೆಯೇ ಇದು. ಆದರೆ ದರಕು ಸಡಿಲವಾಗಿಯೇ ಉಳಿಯುತ್ತದೆ. ಗಾಳಿ ಹೊತ್ತ ಹಿಮದ ಹರಳುಗಳು ಒಡೆದು ಪುಡಿಯಾಗಿ, ಒತ್ತೊತ್ತಾಗಿ ಕೂತು ಹಲಗೆ ಕಟ್ಟುತ್ತವೆ. ವಿಂಡ್ ಸ್ಲ್ಯಾಬ್ ಎನ್ನುವುದು ಇದಕ್ಕೇ. ಅಡಿಯ ಪದರ ಮೆತ್ತಗಿದ್ದರೆ ಹಲಗೆಗೆ ಹಿಡಿತವೇ ಇರುವುದಿಲ್ಲ. ಟೆಂಟಿನ ಪಕ್ಕದ ಮೊಣಕಾಲೆತ್ತರದ ದಿಬ್ಬವನ್ನು ಕೋಲಿನಿಂದ ತಟ್ಟಿದೆ. ಬಲಿತ ಹಲಸು ತಟ್ಟಿದ ಹಾಗೆ ಟೊಳ್ಳು ಸದ್ದು. ಕಾಲಿಟ್ಟೊಡನೆ ಬಿರುಕೊಂದು ಮುಂದಕ್ಕೆ ಓಡಿತು.

ಹೊಳೆಯ ಈಚೆ, ಕುಸಿದರೂ ತಲುಪದಷ್ಟು ದೂರದಲ್ಲಿ ಕೂತು ಎದುರಿನ ಇಳಿಜಾರನ್ನು ನೋಡುತ್ತಲೇ ಇದ್ದೆ. ಕೋನ ಅಳೆದರೆ ಸುಮಾರು 37 ಡಿಗ್ರಿ. ಇಂಥ ಹಲಗೆ ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿಯ ನಡುವೆ. ಅರ್ಧರ್ಧ ಗಂಟೆಗೆ ಗಾಳಿಯ ದಿಕ್ಕು ಬರೆದುಕೊಂಡೆ. 11:40ಕ್ಕೆ ಏಣಿನ ಕೆಳಗೆ ಬೂದುಗೆರೆಯೊಂದು ಮೂಡಿ, ಅಡ್ಡಕ್ಕೆ ಸರ್ರನೆ ಹರಿಯಿತು. ಅಲ್ಲಿ ಮನುಷ್ಯರಿಲ್ಲ, ಪ್ರಾಣಿಯಿಲ್ಲ. ಹೊರೆ ಹೆಚ್ಚಿದ್ದೇ ಸಾಕಾಗಿತ್ತು. ಇಡೀ ಹಲಗೆ ತುಂಡುತುಂಡಾಗಿ ಕೆಳಗಿಳಿಯತೊಡಗಿದ ಮೇಲೆ, ಮೂರು ಎಣಿಸುವಷ್ಟು ತಡವಾಗಿ ಸದ್ದು ಬಂತು. ಅಂದರೆ ನಮಗೂ ಅದಕ್ಕೂ ಒಂದು ಕಿಲೋಮೀಟರ್. ಮೈ ನಡುಗಿತು.

ಪುಡಿಯ ಮೋಡ ಇಳಿದ ಮೇಲೆ ಬೈನಾಕ್ಯುಲರ್‌ನಲ್ಲಿ ಕಂಡದ್ದು ಹೊಸದಾಗಿ ಕಡಿದ ಧರೆಯಂಥ ನೆಟ್ಟನೆಯ ಗೋಡೆ, ಅಂದಾಜು ಸೊಂಟದೆತ್ತರ. ಹತ್ತಿರ ಹೋಗಿ ಅಳೆಯುವ ಆಸೆ ಬಹಳವಿತ್ತು. ಹೋಗಲಿಲ್ಲ, ಪಕ್ಕದ ಭಾಗ ಇನ್ನೂ ಜಾರದೆ ನಿಂತಿತ್ತು. ಸಮಯ, ಇಳಿಜಾರಿನ ಮುಖ, ಒಡೆದ ಅಗಲ, ರಾಶಿ ನಿಂತ ಜಾಗ ಬರೆದು, ಒಂದು ಚಿತ್ರ ಗೀಚಿದೆ.

ಊರಿಗೆ ಬಂದ ಮೇಲೂ ಆ ಪುಸ್ತಕ ಮುಚ್ಚಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಇಳಿದದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಮಣ್ಣಿಗೆ ಹೊರೆ ಏರಿಸುವುದು ನೀರು, ಆ ಹಿಮಕ್ಕೆ ಗಾಳಿ. ಈಗ ದೇವಿಮನೆ ಘಟ್ಟ ಇಳಿಯುವಾಗ, ಮಳೆ ಹೊಳವಾದ ದಿನವೂ, ಧರೆಯ ನೆತ್ತಿಯ ಬಿರುಕು ಮತ್ತು ವಾಲಿದ ಮರಗಳನ್ನು ತಾರೀಕು ಹಾಕಿ ಅದರಲ್ಲೇ ಬರೆಯುತ್ತಿದ್ದೇನೆ.