ಮಿಷಿಗನ್ ಹಿಮದಲ್ಲಿ ಕೇಲ್ ಸೊಪ್ಪು: ನನ್ನ ಅನುಭವ

ಡೆಟ್ರಾಯಿಟ್ ಪಕ್ಕದ ನಮ್ಮ ಊರಲ್ಲಿ ಜನವರಿಯಲ್ಲೂ ಹಿತ್ತಲಿನ ಕೇಲ್ (ಎಲೆಕೋಸಿನ ಬಳಗದ, ಗಡ್ಡೆ ಕಟ್ಟದ ಸೊಪ್ಪು) ಕೊಯ್ಯಬಹುದು ಅಂತ ನಾನು ಹೇಳಿದಾಗ ಇಲ್ಲಿನ ಕನ್ನಡ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ಪಕ್ಕದ ಮನೆಯ ಅಜ್ಜ ಎಷ್ಟೋ ವರ್ಷದಿಂದ ಇದೇ ಮಣ್ಣಲ್ಲಿ ತೋಟ ಮಾಡಿದವರು, ಅವರೂ ತಲೆ ಅಲ್ಲಾಡಿಸಿದರು. ಈಗ ಮೂರ್ನಾಲ್ಕು ಚಳಿಗಾಲದಿಂದ ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ತಿಂಗಳು ಕೊಯ್ಯುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪಾತಿ ಮಾಡೋದು, ಕಾಂಪೋಸ್ಟ್ ಹಾಕೋದು ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ತಳಿ. ಹೈಬ್ರಿಡ್ ಸಸಿ ಚೆನ್ನಾಗೇ ಬರುತ್ತದೆ, ಆದರೆ ಅದರ ಬೀಜ ಹಿಡಿದು ಬಿತ್ತಿದರೆ ಒಂದೊಂದು ಗಿಡ ಒಂದೊಂದು ತರ. ಬೀಜ ನಮ್ಮ ಕೈಯಲ್ಲೇ ಇರಬೇಕು ಅನ್ನೋದು ನನ್ನ ಹಟ. ಹಾಗಾಗಿ ಹಳೇ ತಳಿಗಳನ್ನೇ ಹಿಡಿದೆ: ರೆಡ್ ರಷ್ಯನ್, ಸೈಬೀರಿಯನ್, ಲಸಿನಾಟೊ. ಲಸಿನಾಟೊ ಇಟಲಿಯ ಟಸ್ಕನಿ ಕಡೆಯದು, ರುಚಿಯಲ್ಲಿ ಅದನ್ನು ಮೀರಿಸಿದ್ದಿಲ್ಲ, ಆದರೆ ಚಳಿ ತಡೆಯುವುದರಲ್ಲಿ ಮೂರರಲ್ಲಿ ಅದೇ ಹಿಂದೆ. 2019ರ ಜನವರಿ ಕೊನೆಯ ಪೋಲಾರ್ ವೋರ್ಟೆಕ್ಸ್, ಅದೇ ಧ್ರುವದ ಕಡೆಯಿಂದ ಇಳಿದ ಕೊರೆಯುವ ಚಳಿ, ನೆನಪಿದೆ ಅಲ್ವಾ, ಇಲ್ಲಿ ಮೈನಸ್ 25 ಸೆಲ್ಸಿಯಸ್ ಹತ್ತಿರ ಹೋಗಿತ್ತು. ಆ ವಾರ ಲಸಿನಾಟೊ ಪೂರ್ತಿ ಹೋಯಿತು, ಕಾಂಡ ಸೀಳಿದರೆ ಒಳಗೆಲ್ಲ ಕಂದು ಲೋಳೆ. ಸೈಬೀರಿಯನ್ ಎಲೆ ಸುಟ್ಟರೂ ಸುಳಿ ಉಳಿಯಿತು, ಮಾರ್ಚಿನಲ್ಲಿ ಚಿಗುರಿತು. ಆಗಲೇ ನನಗೆ ಇದು ಸಾಧ್ಯ ಅಂತ ಧೈರ್ಯ ಬಂದದ್ದು.

ಹೆಚ್ಚಿನವರಿಗೆ ಕೈಕೊಡುವುದು ಬಿತ್ತನೆಯ ಸಮಯ. ಮೇ ತಿಂಗಳ ಗಿಡವನ್ನೇ ಚಳಿಗಾಲಕ್ಕೂ ಎಳೆಯಲು ನೋಡುತ್ತಾರೆ. ಅಷ್ಟು ಹೊತ್ತಿಗೆ ಬಿಳಿ ಚಿಟ್ಟೆಯ ಹುಳ, ಬೂದು ಹೇನು ಎಲ್ಲ ಸೇರಿ ಆ ಗಿಡವನ್ನು ಹಿಂಡಿ ಹಾಕಿರುತ್ತವೆ, ಕಾಂಡ ಉದ್ದವಾಗಿ ಹಿಮದ ಭಾರಕ್ಕೆ ಬಾಗುತ್ತದೆ. ಸೆಪ್ಟೆಂಬರಿಗೆ ಬಿತ್ತಿದರೆ ಗಿಡ ಬೆಳೆಯುವಷ್ಟರಲ್ಲಿ ಬೆಳಕೇ ಇರಲ್ಲ. ನಮ್ಮ ಕಡೆ ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಹಗಲು 10 ಗಂಟೆಗಿಂತ ಕಡಿಮೆ. ಆ ಮೂರು ತಿಂಗಳು ಗಿಡ ಬೆಳೆಯಲ್ಲ, ಸುಮ್ನೆ ನಿಂತಿರುತ್ತದೆ. ಚಳಿಗಾಲದಲ್ಲಿ ತಿನ್ನುವ ಎಲೆಯೆಲ್ಲ ಅಕ್ಟೋಬರ್ ಮುಗಿಯುವುದರೊಳಗೆ ಗಿಡದ ಮೇಲೆ ಇರಬೇಕು. ನಾನು ಜುಲೈ ನಡುವೆ ಟ್ರೇಗೆ ಬಿತ್ತಿ, ಆಗಸ್ಟ್ ನಡುವೆ ಒಂದೂವರೆ ಅಡಿ ದೂರಕ್ಕೆ ನಾಟಿ ಮಾಡುತ್ತೇನೆ. ನಾಟಿ ಗುಂಡಿಗೆ ನಾನೇ ಮಾಡಿಕೊಂಡ ಒಂದು ಮಿಶ್ರಣ ಹಾಕುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ತುಂಬಾ ವರ್ಷದ ದುಡಿಮೆ ಅದು.

ದುಡ್ಡು ಹೋದದ್ದು ಹೊದಿಕೆಯಲ್ಲಿ. ಮೊದಲ ವರ್ಷ ಅರ್ಧ ಇಂಚಿನ ಪಿವಿಸಿ ಪೈಪ್ ಬಾಗಿಸಿ ಕಮಾನು ಕಟ್ಟಿ ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಒಂದೇ ರಾತ್ರಿ ಐದಾರು ಇಂಚು ಒದ್ದೆ ಹಿಮ ಬಿತ್ತು, ಪೈಪ್ ಮುರಿದು ಚೂಪು ತುದಿ ಪ್ಲಾಸ್ಟಿಕನ್ನೂ ಹರಿಯಿತು. ಅರವತ್ತು ಎಪ್ಪತ್ತು ಡಾಲರ್ ಮಣ್ಣುಪಾಲು. ಮುಂದಿನ ವರ್ಷ ಯಾರೋ ಹೇಳಿದರು ಅಂತ ಒಣಹುಲ್ಲು ಗೇಣುದ್ದ ಹಾಸಿದೆ. ಹುಲ್ಲಿನಡಿ ಬೆಚ್ಚಗೆ ಇಲಿ ಸಂಸಾರ ಹೂಡಿತು. ಇಲ್ಲಿನ ವೋಲ್ ಇಲಿ ಹಿಮದ ಕೆಳಗೇ ಓಡಾಡುತ್ತದೆ. ಮಾರ್ಚಿನಲ್ಲಿ ಹುಲ್ಲು ಸರಿಸಿ ನೋಡಿದರೆ ಒಂದೊಂದು ಕಾಂಡವನ್ನೂ ಬುಡದಲ್ಲಿ ಪೆನ್ಸಿಲ್ ಹೆರೆದ ಹಾಗೆ ಕೆರೆದಿಟ್ಟಿತ್ತು. ಆಮೇಲೆ ಕರೆಂಟ್ ವೈರ್ ಎಳೆಯುವ ಕಬ್ಬಿಣದ ಕಾಂಡ್ಯೂಟ್ ಪೈಪ್ ತಂದೆ, 10 ಅಡಿಯದು ಒಂದಕ್ಕೆ ಏಳೆಂಟು ಡಾಲರ್ ಇರಬೇಕು. ಬಾಗಿಸುವ ಸಾಧನ ಸ್ನೇಹಿತರದ್ದು. ಒಳಗೆ ತೆಳು ರೋ ಕವರ್ ಬಟ್ಟೆ, ಹೊರಗೆ 6 ಮಿಲ್ ದಪ್ಪದ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಗ್ರೀನ್‌ಹೌಸ್ ಪ್ಲಾಸ್ಟಿಕ್, ಅಂಚಿಗೆ ಮರಳು ಚೀಲ. ಹುಲ್ಲು ಒಂದು ಕಡ್ಡಿಯೂ ಇಲ್ಲ. ಎಲ್ಲ ಸೇರಿ 200 ಡಾಲರ್ ಚಿಲ್ಲರೆ. ಅಂಗಡಿಯಲ್ಲಿ ಆರ್ಗ್ಯಾನಿಕ್ ಕೇಲ್ ಕಟ್ಟು ಮೂರು ಡಾಲರ್, ನಮಗೆ ವಾರಕ್ಕೆ ಎರಡು ಕಟ್ಟು ಬೇಕು. ಮೂರು ಚಳಿಗಾಲಕ್ಕೆ ಅಸಲು ವಾಪಸ್ ಬಂತು. ಅದೇ ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗಿದೆ.

ಈ ಹೊದಿಕೆ ಇರುವುದು ಮುಖ್ಯವಾಗಿ ಗಾಳಿ ತಡೆಯಲು. ನೆಲ ಹೆಪ್ಪುಗಟ್ಟಿದಾಗ ಬೇರಿಗೆ ನೀರು ಸಿಗಲ್ಲ, ಮೇಲೆ ಒಣಗಾಳಿ ಎಲೆಯಿಂದ ನೀರು ಹೀರುತ್ತಲೇ ಇರುತ್ತದೆ, ಗಿಡ ನಿಂತಲ್ಲೇ ಒಣಗುತ್ತದೆ. ಪ್ಲಾಸ್ಟಿಕನ್ನು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಹಾಕಬೇಡಿ. ಅಕ್ಟೋಬರ್, ನವೆಂಬರ್ ಚಳಿಯನ್ನು ಗಿಡ ಮೈಮೇಲೆ ತಗೊಂಡೇ ಹದವಾಗಬೇಕು. ಆಗಲೇ ಎಲೆಯಲ್ಲಿ ಸಕ್ಕರೆ ಜಾಸ್ತಿ ಆಗುತ್ತದೆ, ಆ ಸಕ್ಕರೆಯೇ ಎಲೆ ಹೆಪ್ಪುಗಟ್ಟದ ಹಾಗೆ ಸ್ವಲ್ಪ ಕಾಯುತ್ತದೆ. ಫೆಬ್ರವರಿಯಲ್ಲಿ ಬಿಸಿಲು ಬಂದ ದಿನ ಎರಡೂ ತುದಿ ತೆರೆಯಲೇಬೇಕು. ಒಳಗೆ ಬೆಚ್ಚಗಾಗಿ ಎಲೆ ಮೆತ್ತಗಾದರೆ ಅದೇ ರಾತ್ರಿ ಚಳಿಗೆ ಸಾಯುತ್ತದೆ.

ಬೆಳಿಗ್ಗೆ ಹೊದಿಕೆ ಎತ್ತಿದರೆ ಎಲೆಗಳು ನೆಲಕ್ಕೆ ಜೋತುಬಿದ್ದು ಕಪ್ಪುಹಸಿರಾಗಿರುತ್ತವೆ, ಮುಟ್ಟಿದರೆ ಲಟಕ್ ಅಂತ ಮುರಿಯುತ್ತವೆ. ಆಗ ಕೊಯ್ಯಬೇಡಿ, ಅಡುಗೆಮನೆಗೆ ಬರುವಷ್ಟರಲ್ಲಿ ಕೊಳೆತ ಸೊಪ್ಪಾಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನೋಡಿ, ಅದೇ ಎಲೆ ಎದ್ದು ನಿಂತಿರುತ್ತದೆ. ಅಮ್ಮ ಹಾಸನದಿಂದ ಬಂದಿದ್ದ ಚಳಿಗಾಲ ಇದೇ ಸೊಪ್ಪಿಗೆ ಹೆಸರುಕಾಳು ಹಾಕಿ ಬಸ್ಸಾರು ಮಾಡಿದೆ. ಪಲ್ಯ ಬಾಯಿಗಿಟ್ಟು, "ಬೆಲ್ಲ ಹಾಕಿದ್ಯೇನೋ ಇದಕ್ಕೆ?" ಅಂದರು. ಒಂದು ಚೂರೂ ಹಾಕಿರಲಿಲ್ಲ.

ಮಧ್ಯೆ ಒಂದೆರಡು ಪ್ರಯೋಗ ಮಾಡಿದೆ. ಹಳೇ ಕಾಲದ, ಬಿಸಿಯಾಗುವ ಕ್ರಿಸ್‌ಮಸ್ ಬಲ್ಬಿನ ಸರ ಒಳಗೆ ಎಳೆದೆ. ಮೂರ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಏರಿತು, ಕರೆಂಟ್ ಬಿಲ್ ಹದಿನೈದಿಪ್ಪತ್ತು ಡಾಲರ್ ಏರಿತು. ಬೇಡ, ದಂಡ. ಆದರೆ ಮಾರ್ಚ್ ಶುರುವಿಗೆ ಕೇಲ್ ಸಾಲಿನ ಮಧ್ಯೆ ಮೆಂತ್ಯ ಚೆಲ್ಲಿದ್ದು ತುಂಬಾ ಚೆನ್ನಾಗಿ ಬಂತು, ಹೊರಗಿನ ಮೆಂತ್ಯಕ್ಕಿಂತ ವಾರಗಟ್ಟಲೆ ಮುಂಚೆ ಸಿಕ್ಕಿತು. ಏಪ್ರಿಲ್‌ನಲ್ಲಿ ಕೇಲ್ ಮೊಗ್ಗು ಬಿಡುತ್ತದೆ, ಅದನ್ನು ದಂಟಿನ ಸಮೇತ ಮುರಿದು ಕಾಯಿತುರಿ ಹಾಕಿ ಪಲ್ಯ ಮಾಡಿ ನೋಡಿ.

ಬೀಜಕ್ಕೆ ಮಾತ್ರ ಒಳ್ಳೇ ಗಿಡಗಳನ್ನು ಮುಟ್ಟದೆ ಬಿಡಬೇಕು. ಲಸಿನಾಟೊ ಎಲೆಕೋಸು, ಬ್ರಾಕೊಲಿ ಜಾತಿಗೆ ಸೇರಿದ್ದು. ರೆಡ್ ರಷ್ಯನ್, ಸೈಬೀರಿಯನ್ ಎರಡೂ ಬೇರೆ ಜಾತಿ, ಕನೋಲಾ ಎಣ್ಣೆ ಬೀಜದ ಬಳಗ. ಹಾಗಾಗಿ ಲಸಿನಾಟೊ ಪಕ್ಕದಲ್ಲಿ ರಷ್ಯನ್ ಹೂ ಬಿಟ್ಟರೂ ಕಲಬೆರಕೆಯ ಭಯ ಇಲ್ಲವೇ ಇಲ್ಲ ಅನ್ನಬಹುದು. ರಷ್ಯನ್, ಸೈಬೀರಿಯನ್ ಮಾತ್ರ ಒಂದಕ್ಕೊಂದು ಬೆರೆಯುತ್ತವೆ, ಅದಕ್ಕೆ ಒಂದು ವರ್ಷ ಇದರ ಹೂ, ಇನ್ನೊಂದು ವರ್ಷ ಅದರ ಹೂ. ಒಣಗಿಸಿಟ್ಟ ಬೀಜ ನಾಲ್ಕು ವರ್ಷ ಆರಾಮಾಗಿ ಮೊಳೆಯುತ್ತದೆ. ಲಸಿನಾಟೊ ಒಂದೇ ಗಿಡ ಬಿಟ್ಟರೆ ಬೀಜ ಸರಿಯಾಗಿ ಕಟ್ಟಲ್ಲ, ಐದಾರು ಗಿಡವಾದರೂ ಬೇಕು. ಕಾಯಿ ಒಣಗುವಾಗ ಹಳದಿ ಗೋಲ್ಡ್‌ಫಿಂಚ್ ಹಕ್ಕಿ ಬಂದು ಖಾಲಿ ಮಾಡುತ್ತದೆ, ಬಲೆ ಕಟ್ಟಿ. ಈ ಸಲ ಸೈಬೀರಿಯನ್ ಒಂದು ಸಾಲಿಗೆ ಪ್ಲಾಸ್ಟಿಕ್ ಇಲ್ಲದೆ ಬರೀ ಬಟ್ಟೆ ಹೊದಿಸಿ ಬಿಡುತ್ತೇನೆ. ಅದೂ ಫೆಬ್ರವರಿ ದಾಟಿದರೆ ಇನ್ನರ್ಧ ಖರ್ಚು ಉಳಿಯಿತು.